ಬಾಲವೇ ಇಲ್ಲದ ನಾವು ಕಾರ್ಡೇಟ್‌ಗಳು ಹೇಗಾದೆವು?

ಪ್ರಶ್ನೆ: ಕಾರ್ಡೇಟ್ ಅಂದರೆ ಬೆನ್ನೆಲುಬಿರುವ ಪ್ರಾಣಿ ಅಂತಲೇ ನಾನು ಇಷ್ಟು ದಿನ ತಿಳಿದಿದ್ದೆ. ಮೊನ್ನೆ ಮಗಳ ಜೀವಶಾಸ್ತ್ರದ ಪುಸ್ತಕ ತೆರೆದರೆ ನೋಟೊಕಾರ್ಡ್, ಬೆನ್ನಿನ ಕಡೆ ಟೊಳ್ಳಾದ ನರಹುರಿ, ಗಂಟಲಿನಲ್ಲಿ ಸೀಳುಗಳು, ಗುದದ್ವಾರದ ಆಚೆಗೂ ಚಾಚಿದ ಬಾಲ ಅಂತ ಪಟ್ಟಿ ಇತ್ತು. ಮನುಷ್ಯರಿಗೆ ಬಾಲವೂ ಇಲ್ಲ, ಗಂಟಲಲ್ಲಿ ಸೀಳೂ ಇಲ್ಲ. ಆದರೂ ನಾವು ಅದೇ ಗುಂಪಿನಲ್ಲಿದ್ದೇವೆ. ಬಂಡೆಗೆ ಅಂಟಿಕೊಂಡು ಕೂರುವ, ಚೀಲದ ಹಾಗೆ ಕಾಣುವ ಸಮುದ್ರಪ್ರಾಣಿಯೊಂದು ಕೂಡ ಅದೇ ಗುಂಪಂತೆ. ಇದು ಹೇಗೆ? ಇನ್ನೊಂದು ವಿಷಯ: ನಾನು ಓದುವಾಗ ಬಲನೋಗ್ಲಾಸಸ್ ಅನ್ನುವ ಹುಳುವೂ ಕಾರ್ಡೇಟ್ ಅಂತ ಇತ್ತು, ಮಗಳ ಪುಸ್ತಕದಲ್ಲಿ ಅದು ಬೇರೆ ಕಡೆ ಇದೆ. ಯಾವುದು ಸರಿ?

ಉತ್ತರ: ನಿಮ್ಮ ಗೊಂದಲ ಸಹಜವಾದದ್ದು. ಪಟ್ಟಿ ಸರಿಯಾಗಿಯೇ ಇದೆ, ಆದರೆ ಅದರ ಜೊತೆಗೆ ಬರಬೇಕಾದ ಒಂದು ಮಾತು ಎಷ್ಟೋ ಸಲ ಕೆಳಗೆ ಸಣ್ಣ ಅಕ್ಷರದಲ್ಲಿ ಉಳಿದುಬಿಡುತ್ತದೆ. ಈ ಲಕ್ಷಣಗಳು ಪ್ರಾಣಿಯ ಬದುಕಿನ ಯಾವುದಾದರೂ ಒಂದು ಹಂತದಲ್ಲಿ ಕಾಣಿಸಿಕೊಂಡರೆ ಸಾಕು. ಕೊನೆಯವರೆಗೂ ಇರಬೇಕು ಅಂತಿಲ್ಲ. ಈಗ ಕನ್ನಡಿ ಮುಂದೆ ನಿಂತು ಹುಡುಕಿದರೆ ನಿಮಗೆ ನಾಲ್ಕರಲ್ಲಿ ಒಂದೂ ಕಣ್ಣಿಗೆ ಬೀಳುವುದಿಲ್ಲ. ಆದರೆ ನೀವು ತಾಯಿಯ ಹೊಟ್ಟೆಯಲ್ಲಿ ಐದು ವಾರದ ಭ್ರೂಣವಾಗಿದ್ದಾಗ, ಇನ್ನೂ ಒಂದು ಸೆಂಟಿಮೀಟರ್ ಕೂಡ ದಾಟದಿದ್ದಾಗ, ನಾಲ್ಕರ ಗುರುತೂ ನಿಮ್ಮ ಮೈಯಲ್ಲಿತ್ತು. ಬಾಲ ಕೂಡ ಇತ್ತು.

ಆರ್‌ಸಿಸಿ ಚಾವಣಿ ಹಾಕುವಾಗ ಕೆಳಗೆ ಸೆಂಟ್ರಿಂಗ್ ಕೊಡುತ್ತಾರಲ್ಲ, ಹಾಗೆ ನೋಡಿ. ಮನೆ ಮುಗಿದ ಮೇಲೆ ಬಂದವರಿಗೆ ಸೆಂಟ್ರಿಂಗ್ ಕಾಣುವುದಿಲ್ಲ. ಆದರೆ ಕಟ್ಟುವಾಗ ನೋಡಿದವರಿಗೆ ಈ ಮನೆ ಯಾವ ಕ್ರಮದಲ್ಲಿ ಎದ್ದಿತು ಅಂತ ಗೊತ್ತಿರುತ್ತದೆ. ಕಾರ್ಡೇಟ್ ಅನ್ನುವ ಹೆಸರು ದೇಹ ಕಟ್ಟುವ ಆ ಕ್ರಮಕ್ಕೆ ಕೊಟ್ಟಿದ್ದು. ಮೀನು, ಕಪ್ಪೆ, ಹಾವು, ಹದ್ದು, ತಿಮಿಂಗಿಲ, ನಾವು, ಕೊನೆಗೆ ಆ ಬಂಡೆಯ ಮೇಲಿನ ಚೀಲ, ಎಲ್ಲವೂ ಒಂದೇ ಕ್ರಮದಲ್ಲಿ ಶುರುವಾಗುತ್ತವೆ. ಆಮೇಲೆ ಒಂದೊಂದು ಒಂದೊಂದು ದಾರಿ ಹಿಡಿಯುತ್ತದೆ.

ಮೊದಲು ನೋಟೊಕಾರ್ಡ್. ಇಡೀ ಗುಂಪಿಗೆ ಹೆಸರು ಬಂದಿದ್ದೇ ಇದರಿಂದ. ಇದು ಮೈಯುದ್ದಕ್ಕೂ ಹಾಯುವ ಒಂದು ಕಡ್ಡಿ, ಇದರ ಮೇಲೆ ನರಹುರಿ, ಕೆಳಗೆ ಕರುಳು. ಮೂಳೆಯಲ್ಲ, ಮೃದ್ವಸ್ಥಿಯೂ ಅಲ್ಲ. ಒಳಗಡೆ ದ್ರವ ತುಂಬಿ ಉಬ್ಬಿಕೊಂಡ ಜೀವಕೋಶಗಳಿರುತ್ತವೆ, ಹೊರಗಡೆ ಅವನ್ನು ಬಿಗಿಯಾಗಿ ಸುತ್ತಿದ ನಾರಿನ ಹೊದಿಕೆ ಇರುತ್ತದೆ. ಸೈಕಲ್ ಟ್ಯೂಬಿನ ರಬ್ಬರ್ ತಾನೇ ಮೆತ್ತಗಿದ್ದರೂ ಗಾಳಿ ಹೊಡೆದಾಗ ಟೈರಿನೊಳಗೆ ಗಟ್ಟಿಯಾಗಿ ನಿಲ್ಲುತ್ತದಲ್ಲ, ಇಲ್ಲೂ ಅದೇ ಲೆಕ್ಕ. ಒಳಗಿನ ಒತ್ತಡ ಮತ್ತು ಹೊರಗಿನ ಬಿಗಿ ಸೇರಿ ಮೆತ್ತಗಿನ ವಸ್ತುವನ್ನೇ ಕಡ್ಡಿಯಾಗಿ ಮಾಡುತ್ತವೆ. ಅದು ಬಾಗುತ್ತದೆ, ಆದರೆ ಉದ್ದದಲ್ಲಿ ಕುಗ್ಗುವುದಿಲ್ಲ.

ಈ "ಬಾಗುತ್ತದೆ, ಕುಗ್ಗುವುದಿಲ್ಲ" ಅನ್ನುವುದರಲ್ಲೇ ಎಲ್ಲಾ ಇದೆ. ಎರೆಹುಳು ತನ್ನ ಉದ್ದನೆಯ ಸ್ನಾಯುಗಳನ್ನು ಬಿಗಿ ಹಿಡಿದರೆ ಮೈ ಗಿಡ್ಡವಾಗುತ್ತದೆ, ದಪ್ಪವಾಗುತ್ತದೆ. ನಡುವೆ ಒಂದು ಕಡ್ಡಿ ಇದ್ದರೆ ಹಾಗಾಗಲು ಬಿಡುವುದಿಲ್ಲ. ಎಡಗಡೆ ಸ್ನಾಯು ಬಿಗಿದರೆ ಮೈ ಎಡಕ್ಕೆ ಬಾಗುತ್ತದೆ, ಬಲಗಡೆಯದು ಬಿಗಿದರೆ ಬಲಕ್ಕೆ. ಎಡ, ಬಲ, ಎಡ, ಬಲ ಅಂತ ಒಂದಾದ ಮೇಲೆ ಒಂದು ಬಾಗುತ್ತಾ ಹೋದರೆ ಬಾಲ ಬೀಸುತ್ತದೆ, ಪ್ರಾಣಿ ನೀರಲ್ಲಿ ಮುಂದೆ ಸಾಗುತ್ತದೆ. ಈಜಲು ಮೂಳೆ ಬೇಕೇ ಬೇಕು ಅಂತಿಲ್ಲ, ಕುಗ್ಗದ ಒಂದು ಕಡ್ಡಿ ಮತ್ತು ಎರಡೂ ಪಕ್ಕಕ್ಕೆ ತುಂಡುತುಂಡಾಗಿ ಜೋಡಿಸಿದ ಸ್ನಾಯುಗಳಿದ್ದರೆ ಸಾಕು. ಕಾರ್ಡೇಟ್‌ಗಳ ಕಥೆ ಅಲ್ಲಿಂದಲೇ ಶುರು ಅಂತ ನನಗನ್ನಿಸುತ್ತದೆ. ಬೆನ್ನೆಲುಬು ಎಷ್ಟೋ ಕಾಲ ಆದಮೇಲೆ ಬಂದ ಸೇರ್ಪಡೆ.

ನೋಟೊಕಾರ್ಡಿಗೆ ಎರಡನೆಯ ಕೆಲಸವೊಂದಿದೆ, ನಮ್ಮಂಥವರಲ್ಲಿ ಅದೇ ಜಾಸ್ತಿ ಮುಖ್ಯ. ಭ್ರೂಣದಲ್ಲಿ ಅದು ಸುತ್ತಲಿನ ಜೀವಕೋಶಗಳಿಗೆ ರಾಸಾಯನಿಕ ಸೂಚನೆ ಕಳಿಸುತ್ತಿರುತ್ತದೆ. ಸೋನಿಕ್ ಹೆಡ್ಜ್‌ಹಾಗ್ ಅನ್ನುವ ಪ್ರೋಟೀನ್ ಅದರಿಂದ ಹೊರಟು ಮೇಲಿನ ನರಹುರಿಗೆ ತಲುಪುತ್ತದೆ. ಹತ್ತಿರದಲ್ಲಿ ಅದರ ಪ್ರಮಾಣ ಹೆಚ್ಚು, ದೂರ ಹೋದ ಹಾಗೆ ಕಡಿಮೆ. ಆ ಏರಿಳಿತ ನೋಡಿಕೊಂಡು ನರಹುರಿಯ ಜೀವಕೋಶಗಳು ನಾನು ಸ್ನಾಯುವನ್ನು ಆಡಿಸುವ ನರವಾಗಬೇಕೋ, ಬೇರೇನಾದರೂ ಆಗಬೇಕೋ ಅಂತ ನಿರ್ಧರಿಸುತ್ತವೆ. ಬೆನ್ನೆಲುಬಿನ ಮಣಿಗಳಾಗುವ ಜೀವಕೋಶಗಳಿಗೂ ಇದೇ ಕಡ್ಡಿಯಿಂದ ಸೂಚನೆ ಹೋಗುತ್ತದೆ. ಅಂದರೆ ತನ್ನ ಜಾಗಕ್ಕೆ ಬರುವವರನ್ನು ಅದೇ ಕರೆದು ಕೂರಿಸುತ್ತದೆ.

ಆಮೇಲೆ ಎಲ್ಲಿಗೆ ಹೋಗುತ್ತದೆ? ಸುತ್ತ ಬೆನ್ನುಮೂಳೆಯ ಮಣಿಗಳು ಬೆಳೆದ ಕಡೆ ನೋಟೊಕಾರ್ಡ್ ಸವೆದು ಹೋಗುತ್ತದೆ. ಎರಡು ಮಣಿಗಳ ನಡುವಿನ ಸಂದಿಯಲ್ಲಿ ಮಾತ್ರ ಉಬ್ಬಿಕೊಂಡು ಉಳಿಯುತ್ತದೆ. ಬೆನ್ನಿನ ಡಿಸ್ಕ್ ಅನ್ನುತ್ತೇವಲ್ಲ, ಅದರ ನಟ್ಟನಡುವೆ ಲೋಳೆಯಂಥ ಮೆತ್ತನೆಯ ಭಾಗವೊಂದಿರುತ್ತದೆ. ಅದು ಹುಟ್ಟುವುದೇ ನೋಟೊಕಾರ್ಡಿನಿಂದ. ಮಗು ಬೆಳೆದ ಹಾಗೆ ಆ ಮೂಲ ಜೀವಕೋಶಗಳು ಬಹುಪಾಲು ಕಾಣೆಯಾಗಿ ಬೇರೆ ಜೀವಕೋಶಗಳು ಆ ಜಾಗ ತುಂಬುತ್ತವೆ, ಆದರೆ ಆ ಮೆತ್ತೆ ಹಾಗೇ ಉಳಿಯುತ್ತದೆ. ಡಿಸ್ಕ್ ಜಾರಿದೆ ಅಂತ ವೈದ್ಯರು ಹೇಳಿದಾಗ ಸಾಮಾನ್ಯವಾಗಿ ಆಗಿರುವುದೇನು ಗೊತ್ತಾ, ಹೊರಗಿನ ನಾರಿನ ಉಂಗುರ ಬಿರುಕು ಬಿಟ್ಟು ಒಳಗಿನ ಈ ಲೋಳೆ ಹೊರಗೆ ಉಬ್ಬಿ ಪಕ್ಕದ ನರವನ್ನು ಒತ್ತಿರುತ್ತದೆ. ಸೊಂಟದಿಂದ ಕಾಲಿನವರೆಗೆ ಎಳೆಯುವ ಆ ನೋವಿನ ಮೂಲದಲ್ಲಿ ಇರುವುದು ಐವತ್ತು ಕೋಟಿ ವರ್ಷಕ್ಕಿಂತ ಹಳೆಯದಾದ ಒಂದು ಈಜುಕಡ್ಡಿಯ ಉಳಿಕೆ. ತೀರಾ ಅಪರೂಪಕ್ಕೆ ತಲೆಬುರುಡೆಯ ಬುಡದಲ್ಲೋ ಬೆನ್ನಿನ ಕೆಳತುದಿಯಲ್ಲೋ ಉಳಿದ ಚೂರುಗಳಿಂದ ಕಾರ್ಡೋಮಾ ಅನ್ನುವ ಗಡ್ಡೆಯೂ ಬರುವುದುಂಟು, ಅದರ ಹೆಸರಲ್ಲೇ ಮೂಲ ಇದೆ.

ಎಲ್ಲರೂ ಹೀಗೆ ಅದನ್ನು ಕಳೆದುಕೊಳ್ಳುವುದಿಲ್ಲ. ಲ್ಯಾಂಪ್ರೆ, ಸ್ಟರ್ಜನ್, ಸೀಲಕಾಂತ್ ಅನ್ನುವ ಮೀನುಗಳಲ್ಲಿ ಬದುಕಿರುವ ತನಕ ನೋಟೊಕಾರ್ಡ್ ಇರುತ್ತದೆ.

ಇನ್ನು ನರಹುರಿ. ಇದರಲ್ಲಿ ಗಮನಿಸಬೇಕಾದ್ದು ಎರಡು: ಅದು ಬೆನ್ನಿನ ಕಡೆ ಇದೆ, ಮತ್ತೆ ಟೊಳ್ಳಾಗಿದೆ. ಜಿರಳೆಗೂ ಎರೆಹುಳುವಿಗೂ ನರಹುರಿ ಇದೆ, ಆದರೆ ಅದು ಹೊಟ್ಟೆಯ ಕಡೆ ಇರುತ್ತದೆ, ಒಳಗೆ ಟೊಳ್ಳು ಇರುವುದಿಲ್ಲ. ನಮ್ಮಲ್ಲಿ ಅದು ಒಂದು ಕೊಳವೆ. ಯಾಕೆ ಕೊಳವೆ ಅಂದರೆ ಅದು ಹುಟ್ಟುವುದೇ ಮಡಚಿಕೊಂಡು.

ಇದನ್ನು ನಾನು ಮೊದಲ ಸಲ ಸರಿಯಾಗಿ ನೋಡಿದ್ದು ವಿದ್ಯಾರ್ಥಿಯಾಗಿದ್ದಾಗ, ಸುಮಾರು 33 ಗಂಟೆ ಕಾವು ಕೊಟ್ಟ ಕೋಳಿ ಭ್ರೂಣದ ಸ್ಲೈಡಿನಲ್ಲಿ. ಬಣ್ಣ ಹಾಕಿದ ಆ ಭ್ರೂಣ ಅಕ್ಕಿಕಾಳಿನಷ್ಟು ಉದ್ದ ಇರಬಹುದು. ತಲೆಯ ಕಡೆ ಕೊಳವೆ ಪೂರ್ತಿ ಮುಚ್ಚಿ ಮೆದುಳಿನ ಉಬ್ಬುಗಳು ಎದ್ದಿದ್ದವು, ಎರಡು ಪಕ್ಕಕ್ಕೆ ಕಣ್ಣಾಗಲಿರುವ ಗುಳ್ಳೆಗಳು. ನಡುವೆ ಕೊಳವೆಯ ಎರಡೂ ಬದಿಗೆ ಮಣಿ ಪೋಣಿಸಿದ ಹಾಗೆ ಜೋಡಿಜೋಡಿಯಾಗಿ ಸ್ನಾಯುಗಳಾಗಲಿರುವ ದಿಮ್ಮಿಗಳು. ಸ್ಲೈಡನ್ನು ಇನ್ನೂ ಸರಿಸಿ ಬಾಲದ ಕಡೆ ಬಂದರೆ ಕೊಳವೆ ತೆರೆದೇ ಇತ್ತು, ಎರಡು ಏಣುಗಳು ಎದುರುಬದುರು ನಿಂತು ಇನ್ನೂ ಒಂದನ್ನೊಂದು ಮುಟ್ಟಿರಲಿಲ್ಲ. ಒಂದೇ ಭ್ರೂಣದಲ್ಲಿ ಆಗಿಹೋದದ್ದು, ಆಗುತ್ತಿರುವುದು, ಆಗಬೇಕಾದ್ದು ಮೂರೂ ಕಾಣುತ್ತಿತ್ತು. ಕಣ್ಣು ತೆಗೆಯಲು ಮನಸ್ಸೇ ಬರಲಿಲ್ಲ. ನಿಮ್ಮ ಮಗಳಿಗೆ ಕಾಲೇಜಿನ ಲ್ಯಾಬಿನಲ್ಲಿ ಆ ಸ್ಲೈಡ್ ನೋಡುವ ಅವಕಾಶ ಸಿಕ್ಕರೆ ಬಿಡಬಾರದು ಅಂತ ಹೇಳಿ.

ಭ್ರೂಣದ ಬೆನ್ನಿನ ಮೇಲಿನ ಚರ್ಮದ ಪದರವೇ ಮೊದಲು ಚಪ್ಪಟೆ ಹಲಗೆಯ ಹಾಗೆ ದಪ್ಪವಾಗುತ್ತದೆ. ಆಮೇಲೆ ಅದರ ಎರಡೂ ಅಂಚು ಮೇಲೇಳುತ್ತವೆ, ನಡುವೆ ಕಾಲುವೆ ಬೀಳುತ್ತದೆ, ಅಂಚುಗಳು ಕೂಡಿಕೊಂಡು ಕೊಳವೆಯಾಗಿ ಒಳಗೆ ಇಳಿಯುತ್ತದೆ. ಅಂದರೆ ನಮ್ಮ ಮೆದುಳು ಒಂದು ಕಾಲಕ್ಕೆ ಹೊರಮೈಯೇ ಆಗಿತ್ತು. ಆ ಟೊಳ್ಳು ಇವತ್ತಿಗೂ ನಮ್ಮಲ್ಲಿದೆ. ಮೆದುಳಿನೊಳಗೆ ದ್ರವ ತುಂಬಿದ ಕೋಣೆಗಳಿವೆ, ಬೆನ್ನುಹುರಿಯ ನಡುವೆ ಕೂದಲೆಳೆಯಂಥ ಕಾಲುವೆ ಇದೆ. ಆ ನಾಲ್ಕರಲ್ಲಿ ದೊಡ್ಡವರಾದ ಮೇಲೂ ನಾವು ಪೂರ್ತಿಯಾಗಿ ಉಳಿಸಿಕೊಂಡಿರುವುದು ಇದೊಂದೇ.

ಮನುಷ್ಯರಲ್ಲಿ ಈ ಕೊಳವೆ ಗರ್ಭ ಕಟ್ಟಿ ಸುಮಾರು 28 ದಿನಕ್ಕೆ ಮುಚ್ಚಿ ಮುಗಿದಿರುತ್ತದೆ. ಎಷ್ಟೋ ಹೆಂಗಸರಿಗೆ ತಾನು ಗರ್ಭಿಣಿ ಅಂತ ಆಗಿನ್ನೂ ಗೊತ್ತೇ ಇರುವುದಿಲ್ಲ. ಎಲ್ಲಾದರೂ ಮುಚ್ಚದೆ ಉಳಿದರೆ ಮಗು ಸ್ಪೈನಾ ಬಿಫಿಡಾದಂಥ ತೊಂದರೆಯೊಂದಿಗೆ ಹುಟ್ಟುತ್ತದೆ. 1991ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ಹಿಂದೆ ಇಂಥ ತೊಂದರೆಯ ಗರ್ಭ ಕಂಡಿದ್ದ ಹೆಂಗಸರಿಗೆ ಫೋಲಿಕ್ ಆಸಿಡ್ ಕೊಟ್ಟಾಗ ಅದು ಮತ್ತೆ ಆಗುವ ಸಾಧ್ಯತೆ ಶೇ 72ರಷ್ಟು ತಗ್ಗಿತು. ಗರ್ಭ ಧರಿಸುವ ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ತೆಗೆದುಕೊಳ್ಳಿ ಅಂತ ಈಗ ಹೇಳುವುದು ಇದಕ್ಕೇ. ತೊಂದರೆ ಇರುವವರಿಗೆ ಪ್ರಮಾಣ ಬೇರೆ ಇರುತ್ತದೆ, ಅದನ್ನು ವೈದ್ಯರನ್ನೇ ಕೇಳಬೇಕು. ಪಠ್ಯದಲ್ಲಿ "ಟೊಳ್ಳಾದ ನರಹುರಿ" ಅಂತ ಎರಡು ಪದದಲ್ಲಿ ಮುಗಿಯುವ ವಿಷಯದ ಬೆನ್ನಿಗೆ ಇಷ್ಟು ದೊಡ್ಡ ಬದುಕಿನ ಪ್ರಶ್ನೆ ಇದೆ. ಮಕ್ಕಳಿಗೆ ಅದನ್ನು ಹೇಳದೆ ಸುಮ್ನೆ ಉರು ಹೊಡೆಸುವುದು ನನಗಂತೂ ಬೇಸರ ತರಿಸುತ್ತದೆ.

ಹೊಟ್ಟೆ ಕಡೆಯ ನರ, ಬೆನ್ನಿನ ಕಡೆಯ ನರ ಅಂದೆನಲ್ಲ, ಅದಕ್ಕೊಂದು ಹಳೆಯ ಕಥೆ ಇದೆ. ಫ್ರಾನ್ಸಿನ ಜೆಫ್ರಾ ಸೇಂಟ್ ಹಿಲೇರ್ 1822ರಲ್ಲಿ ಒಂದು ನಳ್ಳಿಯನ್ನು, ಲಾಬ್‌ಸ್ಟರ್ ಜಾತಿಯದು, ಬೆನ್ನು ಕೆಳಗೆ ಮಾಡಿ ಮಲಗಿಸಿ ನೋಡಿದರು. ತಿರುಗಿಸಿದರೆ ಅದರ ಒಳಗಿನ ಜೋಡಣೆ ನಮ್ಮದರ ಹಾಗೇ ಕಾಣುತ್ತದೆ ಅಂದರು: ಮೇಲೆ ನರ, ನಡುವೆ ಕರುಳು, ಕೆಳಗೆ ಹೃದಯ. ಆಗ ಹೆಚ್ಚಿನವರು ಅದನ್ನು ಒಪ್ಪಲಿಲ್ಲ. 1990ರ ದಶಕದಲ್ಲಿ ಜೀನ್‌ಗಳನ್ನು ಹೋಲಿಸಿದಾಗ, ಕಪ್ಪೆಯ ಭ್ರೂಣದಲ್ಲಿ ಬೆನ್ನಿನ ಕಡೆ ಕೆಲಸ ಮಾಡುವ ಕಾರ್ಡಿನ್ ಅನ್ನುವ ಪ್ರೋಟೀನಿಗೆ ಸಾಟಿಯಾದ ಪ್ರೋಟೀನು ಹಣ್ಣುನೊಣದಲ್ಲಿ ಹೊಟ್ಟೆಯ ಕಡೆ ಅದೇ ಕೆಲಸ ಮಾಡುತ್ತಿರುವುದು ಕಂಡಿತು. ಹಳೆಯ ಮಾತಿಗೆ ಮತ್ತೆ ಜೀವ ಬಂತು.

ಮೂರನೆಯದು ಗಂಟಲಿನ ಸೀಳುಗಳು. ಇಲ್ಲಿ ಒಂದು ತಪ್ಪು ಕಲ್ಪನೆ ಬಹಳ ಹಬ್ಬಿದೆ, ಮನುಷ್ಯರ ಭ್ರೂಣಕ್ಕೆ ಮೀನಿನ ಕಿವಿರು ಇರುತ್ತದೆ ಅಂತ. ಇರುವುದಿಲ್ಲ. ಮೀನಿನ ಭ್ರೂಣಕ್ಕೂ ನಮ್ಮ ಭ್ರೂಣಕ್ಕೂ ಗಂಟಲಿನ ಎರಡೂ ಬದಿಗೆ ಒಂದೇ ಬಗೆಯ ಉಬ್ಬು ತಗ್ಗುಗಳು ಬರುತ್ತವೆ. ಒಳಗಿನಿಂದ ಒಂದು ಚೀಲ ಹೊರಕ್ಕೆ ಚಾಚುತ್ತದೆ, ಹೊರಗಿನಿಂದ ಒಂದು ತಗ್ಗು ಒಳಕ್ಕೆ ಬರುತ್ತದೆ. ಮೀನಿನಲ್ಲಿ ಎರಡೂ ಕೂಡಿ ತೂತಾಗಿ ಕಿವಿರಿನ ಸೀಳಾಗುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ತೂತು ಬೀಳುವುದಿಲ್ಲ, ನಡುವಿನ ತೆಳು ಪದರ ಹಾಗೇ ಉಳಿಯುತ್ತದೆ.

ಆಮೇಲೆ ಆ ಚೀಲಗಳು ಬೇರೆ ಬೇರೆ ಕೆಲಸ ಹಿಡಿಯುತ್ತವೆ. ಮೊದಲ ಜೋಡಿ ನಡುಗಿವಿ ಮತ್ತು ಅಲ್ಲಿಂದ ಗಂಟಲಿಗೆ ಬರುವ ನಾಳವಾಗುತ್ತದೆ. ಅದಕ್ಕೆದುರಾಗಿ ಹೊರಗಿದ್ದ ತಗ್ಗು ಕಿವಿಯ ಹೊರನಾಳ. ನಡುವಿನ ಆ ತೆಳು ಪದರ ಏನಾಯಿತು ಹೇಳಿ ನೋಡೋಣ? ಅದೇ ಕಿವಿಯ ತಮಟೆ. ವಿಮಾನ ಇಳಿಯುವಾಗ ಕಿವಿ ಕಟ್ಟಿ, ಉಗುಳು ನುಂಗಿದ ಕೂಡಲೇ ಟಪ್ ಅಂತ ಬಿಡುತ್ತದಲ್ವಾ? ಗಂಟಲಿಗೂ ಕಿವಿಗೂ ಆ ಸಂಪರ್ಕ ಇರುವುದು ಈ ಮೊದಲ ಚೀಲದಿಂದ. ಎರಡನೆಯದರಲ್ಲಿ ಟಾನ್ಸಿಲ್, ಮೂರನೆಯದರಿಂದ ಥೈಮಸ್ ಗ್ರಂಥಿ, ಮೂರು ಮತ್ತು ನಾಲ್ಕರಿಂದ ಪ್ಯಾರಾಥೈರಾಯ್ಡ್ ಗ್ರಂಥಿಗಳು ಬರುತ್ತವೆ. ಕೆಲವು ಮಕ್ಕಳು ಕತ್ತಿನ ಪಕ್ಕದಲ್ಲಿ ಸಣ್ಣ ತೂತೊಂದರ ಜೊತೆ ಹುಟ್ಟುತ್ತಾರೆ. ಮುಚ್ಚಿಹೋಗಬೇಕಾಗಿದ್ದ ಭ್ರೂಣದ ತಗ್ಗು ಮುಚ್ಚದೆ ಉಳಿದಿರುವುದೇ ಅದಕ್ಕೆ ಕಾರಣ.

ಸೀಳುಗಳ ಮೊದಲ ಕೆಲಸ ಉಸಿರಾಟವೇ ಆಗಿರಲಿಲ್ಲ ಅನ್ನುವುದು ಆಂಫಿಯಾಕ್ಸಸ್ ನೋಡಿದರೆ ತಿಳಿಯುತ್ತದೆ. ಇದು ಸುಮಾರು ಐದು ಸೆಂಟಿಮೀಟರ್ ಉದ್ದದ, ಎರಡೂ ತುದಿ ಚೂಪಾದ, ಮೈಯೆಲ್ಲ ಪಾರದರ್ಶಕವಾದ ಪ್ರಾಣಿ. ಕಡಲ ತಳದ ಮರಳಿನಲ್ಲಿ ಮೈ ಹೂತು ಬಾಯಿಯ ತುದಿ ಮಾತ್ರ ಹೊರಗಿಟ್ಟುಕೊಂಡಿರುತ್ತದೆ. ಬಾಯಿಂದ ನೀರು ಒಳಗೆ, ಗಂಟಲಿನ ಹತ್ತಾರು ಸೀಳುಗಳ ಮೂಲಕ ಹೊರಗೆ. ನೀರಲ್ಲಿದ್ದ ಸಣ್ಣ ಆಹಾರದ ಕಣಗಳು ಲೋಳೆಗೆ ಅಂಟಿ ಒಳಗೇ ಉಳಿಯುತ್ತವೆ. ಒಟ್ಟಿನಲ್ಲಿ ಗಂಟಲೇ ಒಂದು ಜರಡಿ.

ಆ ಲೋಳೆ ಎಲ್ಲಿಂದ ಬರುತ್ತದೆ ಅನ್ನುವುದರಲ್ಲೇ ಐದನೆಯ ಲಕ್ಷಣ ಇದೆ. ಎಷ್ಟೋ ಪುಸ್ತಕಗಳು ಇದನ್ನು ಬಿಟ್ಟೇಬಿಡುತ್ತವೆ, ನಿಮ್ಮ ಮಗಳ ಪುಸ್ತಕವೂ ಬಿಟ್ಟಿದೆ. ಗಂಟಲಿನ ತಳದಲ್ಲಿರುವ ಒಂದು ತೋಡು, ಎಂಡೋಸ್ಟೈಲ್ ಅಂತ ಅದರ ಹೆಸರು, ಲೋಳೆ ಸುರಿಸುತ್ತದೆ. ಅದೇ ಜಾಗದ ಕೆಲವು ಜೀವಕೋಶಗಳು ಸಮುದ್ರದ ನೀರಿನಿಂದ ಅಯೋಡಿನ್ ಹೀರಿ ಹಿಡಿದಿಡುತ್ತವೆ. ಅಯೋಡಿನ್ ಅಂದ ಕೂಡಲೇ ನಿಮಗೆ ಥೈರಾಯ್ಡ್ ನೆನಪಾಗಿರಬೇಕು. ಸರಿಯಾಗಿಯೇ ನೆನಪಾಗಿದೆ. ಲ್ಯಾಂಪ್ರೆಯ ಮರಿ ಕೆಲವು ವರ್ಷ ಹೊಳೆಯ ಕೆಸರಿನಲ್ಲಿ ಹೂತುಕೊಂಡು ಆಂಫಿಯಾಕ್ಸಸ್ ಥರವೇ ನೀರು ಸೋಸಿ ತಿನ್ನುತ್ತದೆ, ಆಗ ಅದಕ್ಕೆ ಎಂಡೋಸ್ಟೈಲ್ ಇರುತ್ತದೆ. ರೂಪ ಬದಲಾಯಿಸಿ ದೊಡ್ಡದಾಗುವಾಗ ಆ ಎಂಡೋಸ್ಟೈಲೇ ಥೈರಾಯ್ಡ್ ಗ್ರಂಥಿಯಾಗಿ ಮಾರ್ಪಡುತ್ತದೆ. ಒಂದೇ ಪ್ರಾಣಿಯ ಒಂದೇ ಜೀವನದಲ್ಲಿ, ಕಣ್ಣೆದುರೇ! ಇಡೀ ಪ್ರಾಣಿಶಾಸ್ತ್ರದಲ್ಲಿ ನನಗೆ ಇದಕ್ಕಿಂತ ಇಷ್ಟವಾದ ಸಾಕ್ಷಿ ಬೇರೊಂದಿಲ್ಲ. ನಮ್ಮ ಥೈರಾಯ್ಡ್ ಕೂಡ ಭ್ರೂಣದಲ್ಲಿ ಗಂಟಲಿನ ತಳದಲ್ಲೇ, ನಾಲಿಗೆಯ ಬುಡದ ಹತ್ತಿರ ಹುಟ್ಟಿ ಆಮೇಲೆ ಕತ್ತಿಗೆ ಇಳಿಯುತ್ತದೆ. ಅದು ಹೊರಟ ಜಾಗದ ಗುರುತಾಗಿ ನಾಲಿಗೆಯ ಹಿಂಭಾಗದಲ್ಲಿ ಒಂದು ಪುಟ್ಟ ಕುಳಿ ಉಳಿದಿರುತ್ತದೆ.

ಬಾಲದ ವಿಷಯ ಬೇಗ ಮುಗಿಸುತ್ತೇನೆ. "ಗುದದ್ವಾರದ ಆಚೆಗೆ" ಅನ್ನುವ ಮಾತು ಸುಮ್ನೆ ಸೇರಿಸಿದ್ದಲ್ಲ. ಎರೆಹುಳುವಿನ ಗುದದ್ವಾರ ಮೈಯ ಕಟ್ಟಕಡೆಯ ತುದಿಯಲ್ಲಿದೆ, ಅದರಾಚೆ ಏನೂ ಇಲ್ಲ. ಚೇಳಿನ ಕೊಂಡಿ ಬಾಲದ ಹಾಗೆ ಕಂಡರೂ ಕರುಳು ಅದರೊಳಗೇ ಸಾಗಿ ಗುದದ್ವಾರ ಮುಳ್ಳಿನ ಬುಡದ ಹತ್ತಿರ ತೆರೆಯುತ್ತದೆ, ಹಾಗಾಗಿ ಅದು ನಮ್ಮ ಲೆಕ್ಕದ ಬಾಲ ಅಲ್ಲ. ಕಾರ್ಡೇಟ್‌ನ ಬಾಲದಲ್ಲಿ ಕರುಳು ಇರುವುದಿಲ್ಲ. ಸ್ನಾಯು, ನರಹುರಿ, ನೋಟೊಕಾರ್ಡ್ ಅಥವಾ ಅದರ ಜಾಗದ ಮೂಳೆ, ಇಷ್ಟೇ. ಈಜಲೆಂದೇ ಬಿಟ್ಟ ಭಾಗ ಅದು.

ಮನುಷ್ಯರ ಭ್ರೂಣದಲ್ಲಿ ಐದಾರು ವಾರದ ಹೊತ್ತಿಗೆ ಬಾಲ ಚೆನ್ನಾಗಿ ಕಾಣುತ್ತದೆ, ಎಂಟನೆಯ ವಾರದ ಹೊತ್ತಿಗೆ ಕರಗಿರುತ್ತದೆ. ಉಳಿಯುವುದು ಬೆನ್ನಿನ ತುದಿಯ ಮೂರರಿಂದ ಐದು ಪುಟ್ಟ ಮಣಿಗಳು ಕೂಡಿದ ಬಾಲಮೂಳೆ. ನಾವು ಮತ್ತು ಚಿಂಪಾಂಜಿ, ಗೊರಿಲ್ಲಾದಂಥ ವಾನರಗಳು ಬಾಲ ಕಳೆದುಕೊಂಡಿದ್ದರ ಹಿಂದೆ ಟಿಬಿಎಕ್ಸ್‌ಟಿ ಅನ್ನುವ ಜೀನಿನೊಳಗೆ ಸೇರಿಕೊಂಡ ಒಂದು ಡಿಎನ್‌ಎ ತುಣುಕು ಇದೆ ಅಂತ 2024ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಇಲಿಗಳಲ್ಲಿ ಆ ಬದಲಾವಣೆಯ ಪರಿಣಾಮವನ್ನು ಉಂಟುಮಾಡಿದಾಗ ಬಾಲ ಗಿಡ್ಡವಾದ, ಬಾಲವೇ ಇಲ್ಲದ ಮರಿಗಳು ಹುಟ್ಟಿದವು. ಈ ಜೀನಿನ ಹಳೆಯ ಹೆಸರು ಬ್ರಾಕ್ಯುರಿ, ಗ್ರೀಕ್‌ನಲ್ಲಿ ಗಿಡ್ಡ ಬಾಲ ಅಂತ ಅರ್ಥ. 1927ರಲ್ಲೇ ಗಿಡ್ಡ ಬಾಲದ ಇಲಿಗಳಲ್ಲಿ ಇದರ ಸುಳಿವು ಸಿಕ್ಕಿತ್ತು. ನೋಟೊಕಾರ್ಡ್ ಆಗಲೂ ಇದೇ ಜೀನ್ ಬೇಕು! ಬಾಲ ಬೇರೆ, ನೋಟೊಕಾರ್ಡ್ ಬೇರೆ ಅಂತ ಪಟ್ಟಿಯಲ್ಲಿ ಬಿಡಿಬಿಡಿಯಾಗಿ ಕಾಣುವ ಲಕ್ಷಣಗಳು ಒಳಗಡೆ ಹೀಗೆ ಹೆಣೆದುಕೊಂಡಿವೆ.

ಈಗ ನಿಮ್ಮ ಬಂಡೆಯ ಮೇಲಿನ ಚೀಲಕ್ಕೆ ಬರೋಣ. ಅದರ ಹೆಸರು ಅಸಿಡಿಯನ್, ಟ್ಯೂನಿಕೇಟ್‌ಗಳ ಗುಂಪಿನದು. ಮೇಲೆ ಎರಡು ಬಾಯಿಗಳಿರುವ ತೊಗಲಿನ ಚೀಲದ ಹಾಗಿರುತ್ತದೆ. ಒಂದರಿಂದ ನೀರು ಒಳಗೆ, ಇನ್ನೊಂದರಿಂದ ಹೊರಗೆ. ಮೈಯ ಹೊದಿಕೆಯಲ್ಲಿ ಸೆಲ್ಯುಲೋಸ್ ಇದೆ. ಗಿಡಗಳಲ್ಲಿ ಸಿಗುವ ಈ ವಸ್ತುವನ್ನು ತಾವೇ ತಯಾರಿಸುವ ಪ್ರಾಣಿಗಳು ಇವು ಬಿಟ್ಟರೆ ಇಲ್ಲ ಅನ್ನಬಹುದು. ತಲೆ ಇಲ್ಲ, ಬಾಲ ಇಲ್ಲ, ಚಲನೆ ಇಲ್ಲ. ಇದನ್ನು ಬಹಳ ಕಾಲ ಮೃದ್ವಂಗಿಗಳ ಜೊತೆ, ಅಂದರೆ ಬಸವನಹುಳು, ಕಪ್ಪೆಚಿಪ್ಪುಗಳ ಜೊತೆ ಇಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

1866ರಲ್ಲಿ ರಷ್ಯಾದ ಅಲೆಕ್ಸಾಂಡರ್ ಕೊವಲೆವ್‌ಸ್ಕಿ ಇದರ ಮೊಟ್ಟೆಯಿಂದ ಮರಿಯಾಗುವ ತನಕ ಕೂತು ನೋಡಿದರು. ಮೊಟ್ಟೆಯಿಂದ ಬಂದದ್ದು ಗೊದ್ದಮೊಟ್ಟೆಯ ಹಾಗೆ ಬಾಲ ಬಡಿಯುವ ಪುಟಾಣಿ ಡಿಂಭ, ಉದ್ದ ಸುಮಾರು ಒಂದು ಮಿಲಿಮೀಟರ್. ಬಾಲದೊಳಗೆ ನೋಟೊಕಾರ್ಡ್, ಅದರ ಮೇಲೆ ಟೊಳ್ಳು ನರಹುರಿ, ಎರಡೂ ಪಕ್ಕ ಸ್ನಾಯು. ಸಿಯೋನಾ ಅನ್ನುವ ಜಾತಿಯಲ್ಲಿ ನೋಟೊಕಾರ್ಡಿನ ಜೀವಕೋಶಗಳನ್ನು ಎಣಿಸಿದ್ದಾರೆ, ಸರಿಯಾಗಿ 40. ಬ್ರಾಕ್ಯುರಿ ಜೀನ್ ಅಲ್ಲೂ ಕೆಲಸ ಮಾಡುತ್ತದೆ, ಅದೂ ಆ ನೋಟೊಕಾರ್ಡಿನಲ್ಲೇ. ತಲೆಯಲ್ಲಿ ಬೆಳಕು ತಿಳಿಯಲು ಒಂದು ಕಪ್ಪು ಚುಕ್ಕೆ, ಮೇಲು ಕೆಳಗು ತಿಳಿಯಲು ಇನ್ನೊಂದು.

ಈ ಡಿಂಭ ಏನನ್ನೂ ತಿನ್ನುವುದಿಲ್ಲ. ಅದರ ಕೆಲಸ ಒಂದೇ, ಕೂರಲು ಒಳ್ಳೆಯ ಜಾಗ ಹುಡುಕುವುದು. ಕೆಲವು ಗಂಟೆಯೋ ಒಂದೆರಡು ದಿನವೋ ಈಜಾಡಿ, ಮುಂದಿನ ತುದಿಯ ಅಂಟಿನಿಂದ ಬಂಡೆಗೆ ಕಚ್ಚಿಕೊಳ್ಳುತ್ತದೆ. ಅಲ್ಲಿಗೆ ಬಾಲದ ಅಗತ್ಯ ಮುಗಿಯಿತು. ಬಾಲ ಮುದುಡಿ ಮೈಯೊಳಗೆ ಸೇರುತ್ತದೆ, ನೋಟೊಕಾರ್ಡ್ ಕರಗುತ್ತದೆ, ನರಹುರಿ ಸಣ್ಣ ಗಂಟಾಗಿ ಉಳಿಯುತ್ತದೆ. ಗಂಟಲು ಮಾತ್ರ ದೊಡ್ಡದಾಗಿ, ನೂರಾರು ಸೀಳುಗಳ ಜರಡಿಯಾಗಿ ಚೀಲವನ್ನೆಲ್ಲ ತುಂಬುತ್ತದೆ. ಅಡಿಯಲ್ಲಿ ಎಂಡೋಸ್ಟೈಲ್ ಕೂಡ ಇರುತ್ತದೆ. ಅದಕ್ಕೂ ನಮಗೂ ಎಷ್ಟು ಚೆಂದದ ಅದಲುಬದಲು ನೋಡಿ: ನಾವು ನರಹುರಿಯನ್ನು ಬೆಳೆಸಿಕೊಂಡು ಸೀಳುಗಳನ್ನು ಬಿಟ್ಟೆವು, ಅದು ಸೀಳುಗಳನ್ನು ಬೆಳೆಸಿಕೊಂಡು ನರಹುರಿಯನ್ನು ಬಿಟ್ಟಿತು.

ಹಾಗಾಗಿ ಕಾರ್ಡೇಟ್ ಮತ್ತು ಕಶೇರುಕ, ಅಂದರೆ ಬೆನ್ನೆಲುಬಿರುವ ಪ್ರಾಣಿ, ಎರಡೂ ಒಂದೇ ಅಲ್ಲ. ಕಾರ್ಡೇಟ್ ದೊಡ್ಡ ಮನೆ, ಒಳಗೆ ಮೂರು ಕೋಣೆ. ಆಂಫಿಯಾಕ್ಸಸ್‌ನ ಕೋಣೆಯಲ್ಲಿ ಸುಮಾರು 30 ಜಾತಿ, ಟ್ಯೂನಿಕೇಟ್‌ಗಳಲ್ಲಿ ಸುಮಾರು 3,000, ಬೆನ್ನೆಲುಬಿನ ನಮ್ಮ ಕೋಣೆಯಲ್ಲಿ ಸುಮಾರು 70,000. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಮೀನುಗಳೇ. ನಮ್ಮದೇ ದೊಡ್ಡ ಕೋಣೆಯಾದ್ದರಿಂದ ಇಡೀ ಮನೆಯೇ ನಮ್ಮದು ಅನ್ನಿಸುವುದು ಸಹಜ.

ಮೂರರಲ್ಲಿ ನಮಗೆ ಹತ್ತಿರದವರು ಯಾರು? ನೋಡಲು ಮೀನಿನ ಹಾಗಿರುವ ಆಂಫಿಯಾಕ್ಸಸ್ ಅಂತ ಎಲ್ಲರೂ ನಂಬಿದ್ದರು, ನಾವೂ ಹಾಗೇ ಓದಿದ್ದೆವು. (ಅದನ್ನೂ 1774ರಲ್ಲಿ ಮೊದಲು ವಿವರಿಸಿದ ಪಲ್ಲಾಸ್ ಚಿಪ್ಪಿಲ್ಲದ ಬಸವನಹುಳು ಅಂದುಕೊಂಡಿದ್ದರು.) 2006ರಲ್ಲಿ ಬಹಳಷ್ಟು ಜೀನ್‌ಗಳನ್ನು ಒಟ್ಟಿಗೆ ಹೋಲಿಸಿದಾಗ ಉತ್ತರ ಬೇರೆ ಬಂತು. ನಮಗೆ ಹತ್ತಿರದ ಸಂಬಂಧಿ ಆ ಚೀಲವೇ. ಮುಖಚಹರೆ ನೋಡಿ ನೆಂಟಸ್ತನ ಹೇಳಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಬಳಿ ಇಲ್ಲ.

ಕೊನೆಗೆ ಬಲನೋಗ್ಲಾಸಸ್. ಮಗಳ ಪುಸ್ತಕವೇ ಸರಿ. ಮರಳಿನಲ್ಲಿ ಬಿಲ ತೋಡುವ ಈ ಹುಳುವಿಗೆ ಗಂಟಲಿನ ಸೀಳುಗಳಿವೆ, ಮತ್ತೆ ಬಾಯಿಯ ಮೇಲ್ಭಾಗದಿಂದ ಮುಂದಕ್ಕೆ ಚಾಚಿದ ಗಿಡ್ಡ ಕಡ್ಡಿಯಂಥದ್ದೊಂದಿದೆ. ಅದನ್ನು ನೋಟೊಕಾರ್ಡ್ ಅಂತ ಎಣಿಸಿ ವಿಲಿಯಂ ಬೇಟ್ಸನ್ 1880ರ ದಶಕದಲ್ಲಿ ಈ ಹುಳುವನ್ನು ಕಾರ್ಡೇಟ್‌ಗಳ ಜೊತೆ ಸೇರಿಸಿದರು. ಆ ಕಡ್ಡಿ ನೋಟೊಕಾರ್ಡ್ ಅಲ್ಲ ಅಂತ ಆಮೇಲೆ ತೀರ್ಮಾನವಾಯಿತು, ಹುಳುವಿಗೆ ಹೆಮಿಕಾರ್ಡೇಟಾ ಅನ್ನುವ ಪ್ರತ್ಯೇಕ ವಂಶ ಸಿಕ್ಕಿತು. ಜೀನ್‌ಗಳ ಪ್ರಕಾರ ಅದರ ಹತ್ತಿರದ ಬಂಧು ನಕ್ಷತ್ರಮೀನು.

ಆದರೆ ಅದರ ಗಂಟಲಿನ ಸೀಳುಗಳು ನಿಜವಾದವೇ, ನಮ್ಮವುಗಳ ಜೊತೆ ಒಂದೇ ಮೂಲದವು. ಸೀಳು ಮಾಡುವ ಜೀನ್‌ಗಳ ಒಂದು ಗೊಂಚಲು ಎರಡೂ ಕಡೆ ಒಂದೇ ಕ್ರಮದಲ್ಲಿ ಜೋಡಣೆಯಾಗಿದೆ. ಅಂದರೆ ಸೀಳುಗಳು ಕಾರ್ಡೇಟ್‌ಗಳಿಗಿಂತಲೂ ಹಳೆಯವು. ಹಾಗಾದರೆ ನಕ್ಷತ್ರಮೀನಿನ ಪೂರ್ವಜರಿಗೂ ಸೀಳುಗಳು ಇದ್ದಿರಬೇಕು, ನಕ್ಷತ್ರಮೀನುಗಳು ಅವನ್ನು ಎಂದೋ ಬಿಟ್ಟುಬಿಟ್ಟಿವೆ. ಪರೀಕ್ಷೆಯಲ್ಲಿ ಕಾರ್ಡೇಟ್‌ಗಳಿಗೆ ಮಾತ್ರ ಇರುವ ಒಂದೇ ಲಕ್ಷಣ ಬರಿ ಅಂತ ಕೇಳಿದರೆ ಮಗಳು ಸೀಳು ಅಂತ ಬರೆಯುವುದು ಬೇಡ, ನೋಟೊಕಾರ್ಡ್ ಅಂತ ಬರೆಯಲಿ.